ಎರಡು ತಲೆ ಎತ್ತರ

ಹನ್ನೊಂದು ವರ್ಷ ನಾನು ಬರೆದದ್ದು ಗಾಯಗಳನ್ನೇ.
ಒಸಾಕಾದ ಮೂರನೇ ಮಹಡಿ, ಕೆಳಗೆ ಬೀಗದ ಅಂಗಡಿ,
ಚುಕ್ಕಿಯ ಪಕ್ಕ ಚುಕ್ಕಿ ಇಟ್ಟು
ಒಡೆದ ತುಟಿ, ಊದಿದ ಹುಬ್ಬು,
ಗುದ್ದು ಬಿದ್ದಾಗ ಬಾಯಿಂದ ಹಾರುವ ಎಂಜಲು.
ಒಬ್ಬೊಬ್ಬ ಜಟ್ಟಿಗೂ ಹದಿನಾರೇ ಬಣ್ಣ,
ಅದರಲ್ಲೊಂದು ಬಣ್ಣವೇ ಅಲ್ಲ, ಬರೀ ಖಾಲಿ;
ಉಳಿದುದರಲ್ಲಿ ಮೂರು ರಕ್ತಕ್ಕೆ ಮೀಸಲು.

ಒಂದು ಸೋಮವಾರ ಕುರಾಮೊಚಿ ಬಂದು
ನನ್ನ ಮೇಜಿನ ಮೇಲೆ ಮೊಟ್ಟೆಯೊಂದನ್ನಿಟ್ಟ, ಬೇಯಿಸಿದ್ದು.
"ಹತ್ಸುಯೆ, ಎಲ್ಲರನ್ನೂ ಮಕ್ಕಳಾಗಿಸು.
ತಲೆ ಇಷ್ಟು. ಮೈ ಇನ್ನೊಂದು ಇಷ್ಟೇ.
ಎರಡು ತಲೆ ಎತ್ತರ, ಒಂದು ಚುಕ್ಕಿಯೂ ಹೆಚ್ಚಿಲ್ಲ.
ಮಾರ್ಚಿಗೆ ಬೇಕು."
ಹೇಳಿ, ಮೊಟ್ಟೆ ಸುಲಿದು ತಾನೇ ತಿಂದ.

ಬೆಂಕಿ ಉಗುಳುವವನು ಸಲೀಸಾಗಿ ಬಂದ:
ಕೈಗೊಂದು ಬಿಸಿ ತಾಕೊಯಾಕಿ ಕೊಟ್ಟೆ,
ಉಫ್ ಉಫ್ ಎಂದು ಊದುತ್ತ ನಿಂತ.
ಪಕ್ಕೆಲುಬು ಮುರಿಯುವ ಶಿನೊಗೆ
ಅಕ್ಕನ ಕೆಂಪು ಶೂ ಹಾಕಿಸಿದೆ; ಒದ್ದರೆ
ಕಾಲಿಗಿಂತ ಮೊದಲು ಶೂ ಹೋಗಿ ತಾಗುತ್ತದೆ.
ಹಿಮನಾಡಿನ ದೈತ್ಯನ ಮೀಸೆ ಅಳಿಸಿದಲ್ಲಿ
ಹಾಲು ಕುಡಿದಂಥ ಗೆರೆಯೊಂದು ಉಳಿಯಿತು, ಬಿಟ್ಟೆ.

ತೊಡಕಾದವನು ಮುರಾಕಿಚಿ.
ಬಂದರಿನ ಹಮಾಲ, ಒಂಟಿಗಣ್ಣ.
ಮುಚ್ಚಿದ ಆ ಎಡಗಣ್ಣನ್ನು
ಏಳು ಚುಕ್ಕಿಯಲ್ಲಿ ಹೊಲಿದವಳು ನಾನೇ.
ಈಗ ಮೌಸಿನ ಮೇಲೆ ಕೈ ಇಟ್ಟೆ, ತೆಗೆದೆ.
ಐದು ವರ್ಷದವನು ಇವನು.
ಆ ಕೊಕ್ಕೆ ಇನ್ನೂ ಬೀಸಿ ಬಂದಿಲ್ಲ.
ಆ ಹಡಗು ಇನ್ನೂ ಎಲ್ಲೋ ಕಬ್ಬಿಣದ ತಗಡು.
ಎರಡು ಕಣ್ಣು ಬರೆದೆ. ದೊಡ್ಡವು.

"ಗುರುತು ಸಿಗಬೇಕಲ್ಲ?" ಎಂದ ಕುರಾಮೊಚಿ,
"ಎರಡೂ ಕಣ್ಣಿದ್ದರೆ ಇವನು ಮುರಾಕಿಚಿಯೇ ಅಲ್ಲ,
ಯಾರೋ ಪಕ್ಕದ ಮನೆ ಹುಡುಗ."
ಹೌದು, ಪಕ್ಕದ ಮನೆ ಹುಡುಗನೇ, ಅಂದೆ.
ಮೂರು ರಾತ್ರಿ ಜಗಳ.
ಕೊನೆಗೆ ಹುಡುಗನ ಎಡಗೈ ಎತ್ತಿ
ಅವನದೇ ಎಡಗಣ್ಣ ಮೇಲಿಟ್ಟೆ.
ಆಡುವವರು ಸುಮ್ಮನೆ ಕೂತರೆ ಸಾಕು,
ಕಣ್ಣಾಮುಚ್ಚಾಲೆಗೆ ನಿಂತವನ ಹಾಗೆ ಎಣಿಸುತ್ತಾನೆ
ಒಂದು, ಎರಡು, ಮೂರು,
ಮುಚ್ಚಿದ್ದು ಒಂದೇ, ಇನ್ನೊಂದರಲ್ಲಿ ಕದ್ದು ನೋಡುತ್ತ.
ಕುರಾಮೊಚಿ ಬಹಳ ಹೊತ್ತು ನೋಡಿ
"ಕಳ್ಳ" ಎಂದು ಮೊಹರು ಒತ್ತಿದ.

ಫೆಬ್ರವರಿಯಲ್ಲಿ ಪರೀಕ್ಷೆಗೆಂದು ಯಂತ್ರ ಇಟ್ಟದ್ದು
ತಾಯ್‌ಶೋ ಸ್ಟೇಷನ್ ಹಿಂದಿನ ಗೇಮ್ ಸೆಂಟರಿನಲ್ಲಿ.
ಸಿಗರೇಟು ಹೊಗೆ. ಮೂಲೆಯಲ್ಲಿ ನಾನು, ತೊಡೆ ಮೇಲೆ ನಮೂನೆ:
ಗೆದ್ದವರು, ಸೋತವರು, ಸೋಲಿಗೆ ಕಾರಣ.
ಕ್ರೇನ್ ಕಂಪನಿಯ ಜಾಕೀಟು ತೊಟ್ಟವನೊಬ್ಬ,
ಹಳೆಯ ಆಟದಲ್ಲಿ ಮುರಾಕಿಚಿಯ ಹೊರತು ಯಾರನ್ನೂ ಮುಟ್ಟದವನು,
ನೂರು ಯೆನ್ ಹಾಕಿದ. ಹುಡುಗ ಬಂದ.
ಇವನ ಬೆರಳು ಗುಂಡಿಗಳ ಮೇಲೇ ನಿಂತುಬಿಟ್ಟವು.
ಹುಡುಗ ಕಾದ, ಕಾದ, ಕಣ್ಣು ಮುಚ್ಚಿದ.

ಯಂತ್ರದ ಆಚೆ ಬದಿಗೆ, ಇವನಿಗೆ ಕಾಣದಂತೆ,
ಬೆನ್ನಿನ ಸ್ಕೂಲ್ ಚೀಲ ಕಳಚದ ಹುಡುಗಿ; ಅವಳದು ಶಿನೊ.
ಶಿನೊ ಓಡಿ ಬಂದಳು, ಶೂ ಎತ್ತಿದಳು,
ಎಣಿಕೆ ಕಂಡು ಇಳಿಸಿದಳು.
ತಿರುಗಿ ಪರದೆಯ ಕೊನೆಯ ತನಕ ಓಡಿ
ಎಣ್ಣೆಯ ಪೀಪಾಯಿಯ ಹಿಂದೆ ಬಗ್ಗಿ ಕೂತಳು.
ಹಿಂದೆ ಎಲ್ಲಿಂದ? ಪೀಪಾಯಿ ಬರೀ ಹಿನ್ನೆಲೆಯ ಚಿತ್ರ.
ಕೂತದ್ದು ಅದರ ಮುಂದೆಯೇ, ಕೆಂಪು ಶೂ ಸಮೇತ,
ಊರಿಗೆಲ್ಲ ಕಾಣುವಂತೆ.

ಜಾಕೀಟಿನವನು ಆಗ ಹಿಡಿಕೆ ಮುಟ್ಟಿದ.
ಹುಡುಗನನ್ನು ಮೆಲ್ಲಗೆ ನಡೆಸಿದ,
ಪೀಪಾಯಿಯ ಹತ್ತಿರ, ಇನ್ನೂ ಹತ್ತಿರ,
ಮತ್ತೆ ಹಿಂದಕ್ಕೆ,
ಅಲ್ಲಿ ಯಾರೂ ಇಲ್ಲವೆಂಬಂತೆ.
ಆಚೆಯಿಂದ ಕಿಸಕ್ಕನೆ ನಗು.

ಹೊತ್ತು ಸೊನ್ನೆಗಿಳಿಯಿತು.
ಇಬ್ಬರೂ ಸೋತರು ಎಂದಿತು ಯಂತ್ರ.

ಕಾರಣ ಎಂಬಲ್ಲಿ ಬರೆದೆ: ಯಾರೂ ಕೈ ಎತ್ತಲಿಲ್ಲ.
ಕುರಾಮೊಚಿ ಕೆಂಪು ಶಾಯಿಯಲ್ಲಿ ಕೇಳಿದ್ದಾನೆ,
ಗುಂಡಿಗಳು ಕೆಟ್ಟಿದ್ದವೇ?
ಉತ್ತರ ಬರೆದಿಲ್ಲ ಇನ್ನೂ.
ಎಲ್ಲರೂ ಮನೆಗೆ ಹೋದ ಮೇಲೆ
ಪೀಪಾಯಿಯನ್ನು ಒಂದು ಪದರ ಮುಂದಕ್ಕೆ ತಂದೆ.